ಗೋಕಾಕಕ್ಕೆ ಯಾವ ತಿಂಗಳಲ್ಲಿ ಬರಬೇಕು?

ಈ ಸಂಚಿಕೆಯ ಸಂಪಾದನೆಯನ್ನು ವಹಿಸಿಕೊಂಡ ನಮ್ಮ ಶಿಕ್ಷಕಿಯರು ಮುಖ್ಯಾಧ್ಯಾಪಿಕೆಯ ಲೇಖಕ್ಕೆಂದು ನಾಲ್ಕು ಪುಟಗಳನ್ನು ತೆರವು ಬಿಟ್ಟು ಒಂದು ತಿಂಗಳಿಂದ ನನ್ನ ಬೆನ್ನು ಹತ್ತಿರುವರು. ಶಾಲೆಯ ವರದಿಯೂ ಪರೀಕ್ಷೆಯ ಫಲಿತಾಂಶಗಳೂ ಬೇರೆ ಪುಟಗಳಲ್ಲಿ ಅಚ್ಚಾಗಿರುವದರಿಂದ, ಪುನಃ ಅವನ್ನೇ ಹೇಳಿ ಹಳೆಯ ವಿದ್ಯಾರ್ಥಿನಿಯರನ್ನೂ ಪಾಲಕರನ್ನೂ ಬೇಸರಪಡಿಸುವ ಇಚ್ಛೆ ನನಗಿಲ್ಲ. ನನ್ನ ಮೇಜಿನ ಮೇಲೆ ಉತ್ತರ ಕಾಣದೆ ಬಿದ್ದಿರುವ ಪತ್ರವೊಂದಿದೆ. ಅದರ ಉತ್ತರವನ್ನು ಇಲ್ಲಿಯೇ, ನಿಮ್ಮೆಲ್ಲರ ಎದುರಿಗೆ, ಬರೆದುಬಿಡಬೇಕೆಂದು ನಿಶ್ಚಯಿಸಿದ್ದೇನೆ. ಅದಕ್ಕೆ ಕಾರಣವು ಮುಂದೆ ತಿಳಿಯುವದು.

ಪತ್ರವು ನಾರ್ವೆ ದೇಶದ ಬರ್ಗೆನ್ ಪಟ್ಟಣದಿಂದ ಬಂದುದು. ಬರೆದವಳು ೨೦೦೪ರಲ್ಲಿ ನಮ್ಮಲ್ಲಿ ಹತ್ತನೆಯ ಇಯತ್ತೆಯನ್ನು ಮುಗಿಸಿದ ಹುಡುಗಿ. ದಾದಿಯ ಶಿಕ್ಷಣ ಪಡೆದು, ಮದುವೆಯಾಗಿ, ಈಗ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿರುವಳು. ಹನ್ನೆರಡು ವರ್ಷದ ಮಗಳೂ ಆಸ್ಪತ್ರೆಯ ಇಬ್ಬರು ಗೆಳತಿಯರೂ ಅವಳ ಸಂಗಡ ನಮ್ಮ ಸೀಮೆಯನ್ನು ನೋಡಲು ಬರಬೇಕೆಂದಿರುವರಂತೆ. ಇಲ್ಲಿಯ ಹವೆ ಹೇಗೆ, ಯಾವ ಬಟ್ಟೆ ತರಬೇಕು, ಏನು ನೋಡಬೇಕು, ಯಾವ ತಿಂಗಳು ಒಳ್ಳೆಯದು ಎಂದು ಕೇಳಿದ್ದಾಳೆ. ಕೊನೆಗೆ ಒಂದು ಸಾಲು: "ಈ ಸಲ ವಿಚಾರ ಮಾಡಿ ಹೇಳಿರಿ, ಟೀಚರ್." ಈ ಎರಡು ಶಬ್ದಗಳು, "ಈ ಸಲ" ಎಂಬವು, ನನ್ನ ಲೇಖಣಿಯನ್ನು ಇಷ್ಟು ದಿನ ತಡೆದವು.

ಅವಳಿಗೆ ಭೂಗೋಳವನ್ನು ಕಲಿಸಿದವಳು ನಾನೇ. ಆಗ ನಾನು ಟ್ರೇನಿಂಗು ಮುಗಿಸಿಕೊಂಡು ಹೊಸದಾಗಿ ಕೆಲಸಕ್ಕೆ ಬಂದಿದ್ದೆನು. ನನಗೆ ಆ ವಿಷಯವನ್ನು ಕಲಿಸಿದ ಹಿರಿಯ ಶಿಕ್ಷಕಿಯರು ಗೋಡೆಯ ನಕಾಶೆಯ ಮೇಲೆ ಬಿದಿರಿನ ಕಡ್ಡಿಯನ್ನಿಟ್ಟು ಯುರೋಪಿನ ವಾಯವ್ಯ ಅಂಚನ್ನು ಎಷ್ಟು ಸೊಗಸಾಗಿ ವರ್ಣಿಸುತ್ತಿದ್ದರೆಂದರೆ, ನಾನೂ ಹಾಗೆಯೇ ವರ್ಣಿಸಬೇಕೆಂಬ ಹುಚ್ಚು ನನಗಿತ್ತು. ಹಿಮನದಿಗಳು ಪರ್ವತಗಳನ್ನು ಕೊರೆದು ಮಾಡಿದ ಆಳವಾದ ಕಣಿವೆಗಳಲ್ಲಿ ಸಮುದ್ರವು ಒಳನುಗ್ಗಿ ಫಿಯೋರ್ಡುಗಳಾದ ಬಗೆಯನ್ನೂ, ಉತ್ತರದ ಟ್ರೊಮ್ಸೊ ಪಟ್ಟಣದಲ್ಲಿ ಮೇ ತಿಂಗಳ ಮೂರನೆಯ ವಾರದಿಂದ ಜುಲೈ ಮೂರನೆಯ ವಾರದ ವರೆಗೆ ಸೂರ್ಯನು ಮುಳುಗದೆ ಇರುವ ವಿಚಿತ್ರವನ್ನೂ ಹುಡುಗಿಯರು ಬಾಯಿ ತೆರೆದುಕೊಂಡು ಕೇಳುತ್ತಿದ್ದರು. "ನಾರ್ವೆಯ ಬಂದರುಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುವದಿಲ್ಲ. ಕಾರಣ ಕೊಡಿರಿ" ಎಂಬ ಪ್ರಶ್ನೆಯನ್ನು ನಾನು ವರ್ಷವರ್ಷವೂ ಕೇಳುತ್ತಿದ್ದೆನು. ಅಟ್ಲಾಂಟಿಕ್ ಸಾಗರದ ಉಷ್ಣ ಪ್ರವಾಹದ ಕಾರಣವನ್ನು ಈ ಹುಡುಗಿ ತಪ್ಪಿಲ್ಲದೆ ಬರೆದು ಪೂರ್ತಿ ಅಂಕಗಳನ್ನು ಪಡೆಯುತ್ತಿದ್ದಳು. ಮುಂದೆ ಆ ಬಂದರಿನ ದಂಡೆಯ ಮೇಲೆಯೇ ಅವಳು ಮನೆ ಮಾಡುವಳೆಂದು ಆಗ ಯಾರು ತಿಳಿದಿದ್ದರು?

೨೦೧೯ರ ಬೇಸಿಗೆಯಲ್ಲಿಯೂ ಅವಳು ಇದೇ ಪ್ರಶ್ನೆಯನ್ನು ಕೇಳಿದ್ದಳು. ಮಗಳು ಆಗ ಆರು ವರ್ಷದವಳು. ಅಜ್ಜಿಯ ಊರನ್ನು ಮೊದಲ ಸಲ ನೋಡುವವಳಿದ್ದಳು. ನಾನು ಒಂದು ನಿಮಿಷವೂ ಯೋಚಿಸದೆ, "ಅಗಸ್ಟ್ ತಿಂಗಳ ಮೊದಲ ವಾರ ಬಾ, ಧಬಧಬೆಯು ನೋಡುವಂತಿರುವದು" ಎಂದು ಬರೆದೆನು.

ಹಾಗೆ ಬರೆದುದು ಅಭಿಮಾನದಿಂದ. ಗೋಕಾಕದ ಧಬಧಬೆಯನ್ನು ತುಂಬಿದ ಹೊಳೆಯಲ್ಲಿ ಕಂಡವರಿಗೆ ಆ ಅಭಿಮಾನದ ಅರ್ಥವಾಗುವದು. ಊರಿನಿಂದ ಆರು ಕಿಲೋಮೀಟರು ದೂರದಲ್ಲಿ ಘಟಪ್ರಭೆಯು ಕುದುರೆಯ ಲಾಳದಂತೆ ಬಾಗಿದ ಬಂಡೆಯ ಅಂಚಿನಿಂದ ೫೨ ಮೀಟರು ಕೆಳಗೆ ಧುಮುಕುವಳು. ಮಳೆಗಾಲದಲ್ಲಿ ಆ ನೀರಿನ ಅಗಲವು ೧೭೭ ಮೀಟರು. ಬಣ್ಣವು ಬೆಳ್ಳಿಯದಲ್ಲ, ಹಾಲಿನದೂ ಅಲ್ಲ. ಕವಿಗಳು ಏನೇ ಹೇಳಲಿ, ಅದು ಹೊಲದ ಮಣ್ಣನ್ನು ಕಲಸಿಕೊಂಡ ಚಹದ ಬಣ್ಣ. ಸಪ್ಪಳವು ಕಿವಿಗಿಂತ ಮೊದಲು ಎದೆಗೆ ತಾಗುವದು. ಬಂಡೆಯು ಮರಳುಗಲ್ಲಿನದು; ನೂರು ಕೋಟಿ ವರ್ಷಗಳಿಗೂ ಹಿಂದೆ ನೀರಿನ ತಳದಲ್ಲಿ ಪದರುಪದರಾಗಿ ಕುಳಿತ ಮರಳು ಗಟ್ಟಿಯಾದುದು. ಆ ಪದರುಗಳನ್ನು ಇಂದಿಗೂ ಬೆರಳಿನಿಂದ ಎಣಿಸಬಹುದು. ದಂಡೆಯಲ್ಲಿ ಚಾಲುಕ್ಯರ ಕಾಲದ ಶಿವಾಲಯ, ಮೇಲೆ ಸುಮಾರು ೨೦೦ ಮೀಟರು ಉದ್ದದ ತೂಗುಸೇತುವೆ, ಪಕ್ಕದಲ್ಲಿ ನೂಲಿನ ಗಿರಣಿ. ೧೮೮೭ರಲ್ಲಿಯೇ ಈ ನೀರಿನ ಬಲದಿಂದ ಗಿರಣಿಯ ಚಕ್ರಗಳು ತಿರುಗಿದವು. ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿದ್ದು ೧೯೦೨ರಲ್ಲಿ ಎಂಬುದನ್ನು ನೆನೆದರೆ ನಮ್ಮವರ ಹೆಮ್ಮೆಗೆ ಕಾರಣವಿದೆ. ತನ್ನ ವಿದ್ಯುತ್ತೆಲ್ಲವನ್ನೂ ಹೆಚ್ಚು ಕಡಿಮೆ ಬೀಳುವ ನೀರಿನಿಂದಲೇ ಪಡೆಯುವ ನಾರ್ವೆಯವರಿಗೆ ಇದನ್ನು ತೋರಿಸಬೇಕೆಂಬುದು ನನ್ನ ಆಸೆಯಾಗಿತ್ತು.

ಅವಳು ಬಂದಳು. ಆಶ್ಲೇಷಾ ಮಳೆಯು ಹಿಡಿದಿತ್ತು. ನಮ್ಮೂರಲ್ಲಿ ಅದು ಜಿಟಿಜಿಟಿ ಮಳೆ. ಕೊಡೆ ಇದ್ದರೆ ಸಂತೆ ಮಾಡಿಕೊಂಡು ಬರಬಹುದು. ಬರ್ಗೆನ್ನಿನ ಹುಡುಗಿಗೆ ಅದು ಮಳೆಯೆಂದೇ ತೋರಲಿಲ್ಲ. ಆ ಪಟ್ಟಣದಲ್ಲಿ ವರ್ಷಕ್ಕೆ ೨೨೦೦ ಮಿಲ್ಲಿಮೀಟರಿಗೂ ಹೆಚ್ಚು ಮಳೆ. ಇಲ್ಲಿ ೫೫೦ರಿಂದ ೬೦೦. ಅವಳು ತನ್ನ ಹಳದಿ ರೇನ್‌ಕೋಟನ್ನು ಹಾಕಿಕೊಂಡು ಅಜ್ಜಿಯ ಅಂಗಳದಲ್ಲಿ ಓಡಾಡುತ್ತ, "ಇಷ್ಟೇ?" ಎಂದು ಕೇಳಿದಳಂತೆ.

ಅಜ್ಜಿಯ ಮನೆಯು ಹೊಳೆಯ ಕಡೆಗಿರುವ ಓಣಿಯಲ್ಲಿತ್ತು. ಮಣ್ಣಿನ ಗೋಡೆ, ಮೇಲೊಂದು ಮಾಳಿಗೆ. ಮುಂಜಾನೆ ಗಟಾರದ ನೀರು ಹಿಂದಕ್ಕೆ ಹರಿಯಲಾರಂಭಿಸಿತು. ಹೊತ್ತು ಏರಿದಾಗ ಹೊಸ್ತಿಲನ್ನು ಮುಟ್ಟಿತು. ಮಧ್ಯಾಹ್ನದ ಊಟದ ವೇಳೆಗೆ ಜೋಳದ ಚೀಲಗಳು ತೇಲಿದವು. ಲೋಳಸೂರ ಸೇತುವೆಯು ಮುಳುಗಿ ಹಾದಿ ಕಟ್ಟಾಯಿತು. ಅವ್ವ, ಮಗಳು, ಮೊಮ್ಮಗಳು ಮಾಳಿಗೆಯನ್ನೇರಿ ಒಂದು ರಾತ್ರಿಯನ್ನೆಲ್ಲ ಕತ್ತಲೆಯಲ್ಲಿ ಕಳೆದರು. ನಡುರಾತ್ರಿಯಲ್ಲಿ ಹಿತ್ತಲಿನ ಗೋಡೆಯು ಕುಸಿದ ಸಪ್ಪಳವಾಯಿತು. ಆ ರಾತ್ರಿ ಮಳೆ ನಿಂತಿತ್ತು, ಮೋಡದ ಸಂದಿನಲ್ಲಿ ಚಿಕ್ಕೆಗಳೂ ಕಂಡವಂತೆ. "ಮಳೆ ಇಲ್ಲವಲ್ಲಮ್ಮಾ, ನೀರು ಎಲ್ಲಿಂದ ಬಂತು?" ಎಂದು ಕೂಸು ಕೇಳಿತು. ತಾಯಿಗೆ ಉತ್ತರ ಬರಲಿಲ್ಲ. ನಾರ್ವೆಯ ಬಂದರುಗಳ ಕಾರಣವನ್ನು ಬಾಯಿಪಾಠ ಹೇಳುತ್ತಿದ್ದ ನನ್ನ ಜಾಣ ಹುಡುಗಿಗೆ ತಾನು ಹುಟ್ಟಿದ ಊರಿನ ಹೊಳೆಯ ಕಾರಣವು ತಿಳಿದಿರಲಿಲ್ಲ, ಏಕೆಂದರೆ ಅದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ.

ಮರುದಿನ ದೋಣಿಯಲ್ಲಿ ಅವರನ್ನು ತಂದರು. ನಮ್ಮ ಶಾಲೆಯ ಕೋಣೆಗಳನ್ನು ನಿರಾಶ್ರಿತರಿಗೆ ತೆರೆದಿದ್ದೆವು. ಅವರೂ ಅಲ್ಲಿಗೇ ಬಂದರು. ಆ ಹಳದಿ ರೇನ್‌ಕೋಟನ್ನು ನಾನು ಮರೆಯಲಾರೆ. ಮೇಲಿನಿಂದ ಬರುವ ನೀರಿಗೆ ಹೊಲಿದ ಅಂಗಿ ಅದು. ಕೆಳಗಿನಿಂದ ಬಂದ ನೀರಿಗೆ ಅದರಿಂದ ಏನಾಗಬೇಕು? ಕೂಸಿಗೆ ಜ್ವರ ಬಂದಿತ್ತು. ನನ್ನ ಹುಡುಗಿ ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಅವಳ ಅವ್ವ ಮಾತ್ರ, ಮೂರು ದಿನಗಳಾದ ಮೇಲೆ, ಗಂಜಿಯ ತಟ್ಟೆಯನ್ನು ಕೆಳಗಿಟ್ಟು, "ಟೀಚರ್ರ, ಎಲ್ಲಾ ದೇಶದ ಮಳಿ ಕಲಸ್ತೀರಿ, ನಮ್ಮ ಹೊಳಿ ಯಾಕ ಕಲಸೂದಿಲ್ರಿ?" ಎಂದು ಕೇಳಿದರು. ಕೋಪದಿಂದ ಕೇಳಿದುದಲ್ಲ; ನಿಜವಾಗಿಯೂ ತಿಳಿಯಲು ಕೇಳಿದುದು. ಉತ್ತರ ಹೇಳಲು ನನಗೆ ಇಷ್ಟು ವರ್ಷಗಳು ಬೇಕಾದವು.

ನಮ್ಮ ಹೊಳೆಯ ನೀರು ನಮ್ಮ ಮಳೆಯದಲ್ಲ. ಇದಿಷ್ಟನ್ನು ತಿಳಿದವರಿಗೆ ಈ ಸೀಮೆಯ ಹವೆಯು ಅರ್ಧ ತಿಳಿದಂತೆ. ಅರಬೀ ಸಮುದ್ರದಿಂದ ನೀರನ್ನು ಹೊತ್ತು ತರುವ ನೈಋತ್ಯದ ಗಾಳಿಯು ಸಹ್ಯಾದ್ರಿಯನ್ನು ತಾಗಿ ಮೇಲೇರುವದು, ತಣಿದು ತನ್ನ ಹೊರೆಯನ್ನೆಲ್ಲ ಅಲ್ಲಿಯೇ ಇಳುಹುವದು. ಘಟ್ಟದ ಮೇಲಿನ ಆಂಬೋಲಿಯಲ್ಲಿ ವರ್ಷಕ್ಕೆ ೭೦೦೦ ಮಿಲ್ಲಿಮೀಟರಿನಷ್ಟು ಮಳೆ ಬೀಳುವದು. ಅಲ್ಲಿಂದ ಗೋಕಾಕಕ್ಕೆ ನೇರ ಅಳೆದರೆ ನೂರು ಕಿಲೋಮೀಟರೂ ಆಗದು. ಅಷ್ಟರಲ್ಲಿ ಮಳೆಯು ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯುವದು. ಗಾಳಿಯು ನಮ್ಮಲ್ಲಿಗೆ ಬರುವಾಗ ಬರಿಗೈಯಲ್ಲಿ ಬರುವದು, ಆದರೆ ಹೊಳೆಗಳು ತುಂಬಿದ ಕೈಯಲ್ಲಿ ಬರುವವು. ಘಟಪ್ರಭೆಯು ಆ ಘಟ್ಟದಲ್ಲಿಯೇ ಹುಟ್ಟುವಳು. ಆಂಬೋಲಿಯಲ್ಲಿ ಹುಟ್ಟಿದ ಹಿರಣ್ಯಕೇಶಿಯು ಸಂಕೇಶ್ವರದ ಮೇಲಿಂದ ಹರಿದು ಅವಳನ್ನು ಕೂಡುವಳು. ಬೆಳಗಾವಿಯ ಪಶ್ಚಿಮದ ಗುಡ್ಡಗಳಿಂದ ಹೊರಟ ಮಾರ್ಕಂಡೇಯೆಯು ಗೊಡಚಿನಮಲಕಿಯಲ್ಲಿ ಎರಡು ಮೆಟ್ಟಿಲುಗಳಾಗಿ ಜಿಗಿದು ಗೋಕಾಕದ ಬಳಿಯಲ್ಲಿ ಬಂದು ಸೇರುವಳು. ಮೂರು ಹೊಳೆಗಳ ನೀರು ಒಂದೇ ದಿನ ಬಂದರೆ ಊರಿಗೆ ಗತಿಯಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ೫೧ ಟಿ.ಎಮ್.ಸಿ. ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯವಿದೆ, ನಿಜ. ಆದರೆ ಅದು ತುಂಬಿದ ಮೇಲೆ ಬಂದ ನೀರು ಮುಂದೆ ಹೋಗಲೇಬೇಕಲ್ಲವೆ? ೨೦೧೯ರಲ್ಲಿ ಆದುದು ಇದೇ. ೨೦೨೧ರ ಜುಲೈದಲ್ಲಿ ಲೋಳಸೂರ ಸೇತುವೆಯು ಪುನಃ ಮುಳುಗಿತು. ಗೋಕಾಕದಲ್ಲಿರುವವನು ಮಳೆಗಾಲದಲ್ಲಿ ತಲೆಯ ಮೇಲಿನ ಮುಗಿಲನ್ನು ನೋಡಿದರೆ ಸಾಲದು; ಪಶ್ಚಿಮದ ಸುದ್ದಿಯನ್ನು ಕೇಳಬೇಕು.

ವಿಚಿತ್ರವೇನೆಂದರೆ, ನಾರ್ವೆಯ ಪಾಠದಲ್ಲಿಯೇ ಈ ಕಾರಣವಿತ್ತು. ಬರ್ಗೆನ್ನಿನಲ್ಲಿ ಅಷ್ಟು ಮಳೆ ಬೀಳುವದು ಸಮುದ್ರದ ಗಾಳಿಯು ಹಿಂದಿನ ಪರ್ವತಗಳನ್ನು ಏರುವದರಿಂದ. ಆ ಪರ್ವತಗಳ ಪೂರ್ವಕ್ಕೆ ಲೋಮ್ ಎಂಬ ಊರಿನ ಸುತ್ತಲಿನ ಕಣಿವೆಗಳಲ್ಲಿ ವರ್ಷಕ್ಕೆ ೩೦೦ ಮಿಲ್ಲಿಮೀಟರಿನ ಆಸುಪಾಸು ಮಳೆ. ಅಲ್ಲಿಯ ಒಕ್ಕಲಿಗರು ಹಿಂದಿನಿಂದಲೂ ಬೆಟ್ಟದ ಹಿಮದ ನೀರನ್ನು ಕಾಲುವೆಗಳಿಂದ ಹೊಲಗಳಿಗೆ ತಂದು ಬೆಳೆ ತೆಗೆಯುವರು. ಬರ್ಗೆನ್ ಅವರ ಆಂಬೋಲಿ, ಲೋಮ್ ಅವರ ಮೂಡಲಗಿ. ನಕಾಶೆಯ ಮೇಲಿನ ಕಡ್ಡಿಯನ್ನು ಒಂದು ಸಲ ಗೋಡೆಯಿಂದ ತೆಗೆದು ಕಿಟಕಿಯ ಹೊರಗೆ ತೋರಿಸಿದ್ದರೆ ಸಾಕಾಗಿತ್ತು.

ನನ್ನ ತವರು ಮೂಡಲಗಿ. ಚಿಕ್ಕಂದಿನಲ್ಲಿ ನಮ್ಮ ಅಪ್ಪನು ಹೊಲದ ಬದುವಿನ ಮೇಲೆ ನಿಂತು, ಪಶ್ಚಿಮದಲ್ಲಿ ಕಪ್ಪಿಟ್ಟ ಮೋಡವನ್ನು ನೋಡಿ, "ಅದು ನಮ್ಮದಲ್ಲ" ಎನ್ನುತ್ತಿದ್ದನು. ಹುಕ್ಕೇರಿಯ ಪಡುವಣ ಹಳ್ಳಿಗಳಲ್ಲಿ ಭತ್ತ ನೆನೆಯುತ್ತಿರುವಾಗ ನಮ್ಮ ಎರೆಯ ಹೊಲವು ಬಿರಿದು ಕಾಲು ಸಿಕ್ಕುವಂತಿರುತ್ತಿತ್ತು. ನಮ್ಮ ಪಾಲಿನ ಮಳೆಯಲ್ಲಿ ಹಿರಿಯ ಪಾಲು ಉತ್ತರಿ, ಹಸ್ತ, ಚಿತ್ತಿ ಮಳೆಗಳದು; ಬಿಳಿಜೋಳವೂ ಕಡಲೆಯೂ ಅವನ್ನೇ ನಂಬಿದ ಬೆಳೆಗಳು. ಘಟಪ್ರಭೆಯ ಎಡದಂಡೆಯ ಕಾಲುವೆ ಬಂದ ಕಡೆಗಳಲ್ಲೆಲ್ಲ ಕಬ್ಬು ಬಂದಿದೆ. ಘಟ್ಟದ ಮೇಲೆ ಬಿದ್ದ, "ನಮ್ಮದಲ್ಲದ" ಆ ಮೋಡದ ನೀರೇ ಕಾಲುವೆಯಲ್ಲಿ ಹರಿದು ನಮ್ಮ ಮನೆಯ ಹಿಂದೆ ಬಂದಿತೆಂಬುದನ್ನು ಅಪ್ಪನು ಕಂಡನೇ ಹೊರತು, ಎರಡೂ ಒಂದೇ ನೀರೆಂದು ನಾವು ಮನೆಯವರಾರೂ ಆಡಿದ್ದಿಲ್ಲ. ಪ್ರವಾಸಿಗರಿಗೆ ಮೂಡಲಗಿಯಲ್ಲಿ ನೋಡುವಂಥದೇನೂ ಇಲ್ಲವೆಂದು ಜನ ಹೇಳುವರು. ದಿಗಂತದ ವರೆಗೆ ಅಡ್ಡಿಯಿಲ್ಲದೆ ಹಬ್ಬಿದ ಕರಿನೆಲವನ್ನು, ಫಿಯೋರ್ಡಿನ ಗೋಡೆಗಳ ನಡುವೆ ವಾಸಿಸುವವರು ನೋಡಿ ಹೇಳಲಿ. ಅವರ ಅಭಿಪ್ರಾಯವನ್ನು ಕೇಳಲು ನನಗೆ ಕುತೂಹಲವಿದೆ.

ಇನ್ನು ತಿಂಗಳುಗಳ ಮಾತು. ಮಾರ್ಚದಿಂದ ಮೇ ವರೆಗೆ ಬರಲೇಬಾರದು. ಉಷ್ಣತಾಮಾನವು ೩೮, ೪೦ ಡಿಗ್ರಿಗೆ ಏರುವದು. ಧಬಧಬೆಯ ಬಂಡೆಯು ಬತ್ತಲೆಯಾಗಿ ನಿಂತಿರುವದು. ಆದರೂ ಬಿಸಿಲನ್ನು ತಡೆಯುವವರಿಗೆ ಆಗ ಮಾತ್ರ ಕಾಣುವ ನೋಟವೊಂದಿದೆ: ಹಿಡಕಲ್ಲಿನ ಜಲಾಶಯವು ಇಳಿದಾಗ, ಮುಳುಗಿದ ಹುನ್ನೂರಿನ ವಿಠ್ಠಲ ದೇವಾಲಯವು ನೀರಿನಿಂದ ಎದ್ದು ಬರುವದು. ಜೂನದಲ್ಲಿ ಗಾಳಿಯೇ ಹೆಚ್ಚು. ಜುಲೈ, ಅಗಸ್ಟಗಳ ವಿಷಯವನ್ನು ಹೇಳಿಯಾಯಿತು. ನವೆಂಬರದಿಂದ ಫೆಬ್ರುವರಿಯ ವರೆಗಿನ ಹವೆಗೆ ಸಮನಾದುದು ನಮ್ಮ ಸೀಮೆಯಲ್ಲಿ ಮತ್ತೊಂದಿಲ್ಲ. ಬೆಳಗಿನ ಚಳಿಗೆ ನಾವು ಕಂಬಳಿ ಹೊದೆಯುವೆವು, ಬರ್ಗೆನ್ನಿನವರು ಬಹುಶಃ ತೋಳಿಲ್ಲದ ಅಂಗಿಯಲ್ಲಿ ತಿರುಗಾಡುವರು. ಅವರಲ್ಲಿ ಡಿಸೆಂಬರದ ಹಗಲು ಆರು ತಾಸಿನದು, ನಮ್ಮಲ್ಲಿ ಹನ್ನೊಂದು ತಾಸಿನದು; ಅಷ್ಟು ಬೆಳಕೇ ಅವರಿಗೆ ಒಂದು ಔತಣವಾದೀತು. ಆಗ ಧೂಪದಾಳದ ಹಿನ್ನೀರಿಗೆ ಹಕ್ಕಿಗಳು ಬರುವವು. ೧೯೭೪ರಲ್ಲಿ ಆ ಪ್ರದೇಶವು ಪಕ್ಷಿಧಾಮವಾಯಿತು. ಮಧ್ಯ ಏಶಿಯಾದ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಬೂದುಬಣ್ಣದ ಕೊಕ್ಕರೆಗಳು ಕಡಲೆಯ ಹೊಲಗಳಲ್ಲಿ ಸಾಲಾಗಿ ನಡೆಯುವದನ್ನು ನೋಡಲು ಸೂರ್ಯೋದಯಕ್ಕೆ ಮೊದಲೇ ಹೋಗಬೇಕು. ಅವು ನಮ್ಮ ಹವೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಪ್ರವಾಸಿಗಳು; ಅವುಗಳಲ್ಲಿ ಒಂದೂ ಅಗಸ್ಟದಲ್ಲಿ ಬಂದುದಿಲ್ಲ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ, ಅರ್ಧ ದಿನ ಸಾಕು. ಮರಳಿ ಹೋಗುವಾಗ ಗೋಕಾಕದ ಕರದಂಟನ್ನೂ ಬಣ್ಣದ ಮರದ ಹಣ್ಣುಗಳನ್ನೂ ಒಯ್ಯಲಿ. ಕರದಂಟು ಅಂಟು, ಬೆಲ್ಲ, ಒಣಕೊಬ್ಬರಿಗಳಿಂದ ಮಾಡಿದುದು; ಚಳಿದೇಶದ ಜನಕ್ಕೆ ಸೊಗಸಾಗಿ ಒಗ್ಗುವದು.

ಇದನ್ನೆಲ್ಲ ಸಂಗ್ರಹಿಸಿ, "ಡಿಸೆಂಬರದಲ್ಲಿ ಬಾ" ಎಂದು ಬರೆಯಲು ಕುಳಿತಾಗ ಪತ್ರದ ಹಿಂಬದಿಯನ್ನು ನೋಡಿದೆನು. ಅಲ್ಲಿ ಮಗಳು ವಕ್ರವಾದ ಕನ್ನಡ ಅಕ್ಷರಗಳಲ್ಲಿ ತಾನೇ ಬರೆದಿದ್ದಳು: "ನನಗೆ ಆ ನೀರನ್ನು ನೋಡಬೇಕು. ಅದು ಬೀಳುವಾಗ ನೋಡಬೇಕು."

ಡಿಸೆಂಬರದಲ್ಲಿ ಬಂಡೆಯ ಮೇಲೆ ನಾಲ್ಕಾರು ಎಳೆಗಳ ನೀರಿರುವದು. ಅದನ್ನು ತೋರಿಸಿ "ಇದೇ ನಿನ್ನ ಅಜ್ಜಿಯ ಗೋಡೆಯನ್ನು ಕೆಡವಿದ್ದು" ಎಂದರೆ ಆ ಹುಡುಗಿ ನಂಬಬೇಕೆ? ೨೦೧೯ರಲ್ಲಿ ಅವಳು ಧಬಧಬೆಯನ್ನು ನೋಡಲೇ ಇಲ್ಲ. ಅದರ ನೀರನ್ನು ಮನೆಯೊಳಗೆ ಕಂಡಳು, ಅಷ್ಟೆ. ಅವಳು ಕೇಳಿದ ಪ್ರಶ್ನೆಗೆ ಉತ್ತರವನ್ನು ಕಾಗದದ ಮೇಲೆ ಕೊಟ್ಟರೆ ಸಾಲದೆಂದು ನನಗೆ ತೋರಿತು.

ಆದುದರಿಂದ ನನ್ನ ಉತ್ತರ ಹೀಗಿದೆ. ಸಪ್ಟೆಂಬರದ ಕೊನೆಯ ವಾರದಲ್ಲಿ ಬನ್ನಿರಿ. ಘಟ್ಟದ ಮಳೆಯು ಆಗ ಇಳಿಮುಖವಾಗಿರುವದು, ಹೊಳೆಯಲ್ಲಿ ಮಾತ್ರ ಇನ್ನೂ ಕಸುವಿರುವದು. ಹಾಗೆಂದು ಮಾತು ಕೊಡಲಾರೆನು. ಹೊರಡುವ ವಾರ ನಾನು ಹಿಡಕಲ್ಲಿನ ನೀರಿನ ಮಟ್ಟವನ್ನೂ ಘಟ್ಟದ ಮಳೆಯ ಸುದ್ದಿಯನ್ನೂ ವಿಚಾರಿಸಿ ತಿಳಿಸುವೆನು. ಬೇಡವೆಂದರೆ ಟಿಕೆಟ್ಟಿನ ಹಣ ಹೋದರೂ ಚಿಂತೆಯಿಲ್ಲ, ನಿಲ್ಲಿರಿ. ಘಟಪ್ರಭಾ ಸ್ಟೇಶನ್ನಿಗೆ ನಾನೇ ಬರುವೆನು. ಓಣಿಯ ಮನೆಯಲ್ಲಿ ಇಳಿಯಕೂಡದು. ಶಾಲೆಯ ವಸತಿಗೃಹದ ಮಹಡಿಯಲ್ಲಿ ನಾಲ್ವರಿಗೂ ಕೋಣೆ ಮಾಡಿಸಿದ್ದೇನೆ. ರೇನ್‌ಕೋಟು ತರಬಹುದು, ಆದರೆ ಜಾರದ ಅಟ್ಟೆಯ ಪಾದರಕ್ಷೆಗಳು ಅದಕ್ಕಿಂತ ಅವಶ್ಯ. ಹಾವಸೆ ಹಿಡಿದ ಬಂಡೆಯ ಅಂಚಿಗೆ ಚಿತ್ರ ತೆಗೆಯಲು ಯಾರೂ ಹೋಗಕೂಡದು. ತೂಗುಸೇತುವೆಯ ಮೇಲೆ ಬಿಡುವರೋ ಇಲ್ಲವೋ ಮೊದಲೇ ಕೇಳಿಡುವೆನು. ಮೊದಲನೆಯ ದಿನ ಧಬಧಬೆಯಲ್ಲ, ಹಿಡಕಲ್ಲು. ಎರಡನೆಯ ದಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ. ಅಲ್ಲಿಂದ ಕೆಳಗಿಳಿಯುತ್ತ ಧೂಪದಾಳ. ಮೂರನೆಯ ದಿನ ಬೀಳುವ ನೀರು. ನೀರು ಬಂದ ಹಾದಿಯಿಂದಲೇ ನಾವೂ ಬರಬೇಕು.

ಅವಳ ಅವ್ವನಿಗೂ ಹೇಳಿದ್ದೇನೆ. ಅವರು ಈಗ ಊರಿನ ಎತ್ತರದ ಭಾಗದಲ್ಲಿ ಬಾಡಿಗೆಯ ಮನೆಯಲ್ಲಿರುವರು. ನಮ್ಮ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಈಗ ನಾರ್ವೆಯ ಬಂದರುಗಳ ಪ್ರಶ್ನೆಯ ಕೆಳಗೆ, "ಗೋಕಾಕದಲ್ಲಿ ಮಳೆಯಿಲ್ಲದಾಗಲೂ ಹೊಳೆಯು ಉಕ್ಕುವದು. ಕಾರಣ ಕೊಡಿರಿ" ಎಂಬ ಪ್ರಶ್ನೆಯೂ ಇರುವದೆಂದು ಅವರಿಗೆ ತಿಳಿಸಿದೆನು. "ಎಷ್ಟ ಮಾರ್ಕ್ಸ್ ರಿ?" ಎಂದು ಕೇಳಿದರು. ಎರಡು ಎಂದೆನು. "ಸಾಲೂದಿಲ್ರಿ" ಎಂದರು. ಬರುವ ವರ್ಷದಿಂದ ನಾಲ್ಕು ಮಾಡಿದ್ದೇವೆ.